ಕೆರೆ ಹಸಿರಾಯ್ತು, ಬೆಳಗಾಗುವಷ್ಟರಲ್ಲಿ ಮೀನು ಸತ್ತವು. ಯಾರಾದರೂ ವಿಷ ಹಾಕಿರಬಹುದಾ?

ಕೆರೆದಂಡೆ
ಎಲ್ಲರಿಗೂ ನಮಸ್ಕಾರ. ನಮ್ಮದು ಶಹಾಪುರ ತಾಲೂಕಿನ ಒಂದು ಹಳ್ಳಿ. ಊರ ಹೆಸರು ಬರೆಯುವುದಿಲ್ಲ, ಈಗಾಗಲೇ ಜಗಳ ಜೋರಾಗಿದೆ.

ಹದಿನೈದು ದಿನದಿಂದ ನಮ್ಮ ಕೆರೆ ನೀರು ಹಸಿರಾಗುತ್ತಾ ಬಂತು. ಈಗ ದಂಡೆ ಹತ್ತಿರ ಹಸಿರು ಪೇಂಟ್ ಸುರಿದ ಹಾಗೆ ಕಾಣುತ್ತದೆ. ಮೂರು ದಿನ ಮೋಡ ಕವಿದಿತ್ತು. ಗಾಳಿ ಇಲ್ಲ, ಮಳೆ ಇಲ್ಲ, ಬರೀ ಧಗೆ. ಮೊನ್ನೆ ಬೆಳಿಗ್ಗೆ ಹೋಗಿ ನೋಡಿದರೆ ಕಟ್ಲಾ, ರೋಹು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಒಂದೊಂದು ಮೂರು ಕೆಜಿ ತೂಗುವಂಥವು.

ನಮ್ಮ ಕಾಕಾನ ಹೊಲ ಕೆರೆಗೆ ಹತ್ತಿಕೊಂಡೇ ಇದೆ. ಹಿಂದಿನ ದಿನ ಸಂಜೆ ಅವರು ಬದನೆ ಗಿಡಕ್ಕೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆದಿದ್ದರು. ಅಷ್ಟೇ ಸಾಕಾಯ್ತು. ಮೀನಿನ ಗುತ್ತಿಗೆ ಹಿಡಿದವರು "ನೀನೇ ಕೆರೆಗೆ ವಿಷ ಬಿಟ್ಟೆ" ಅಂತ ಕಾಕಾನ ಮೇಲೆ ಹೊರಿಸಿದ್ದಾರೆ. ಪಂಚಾಯ್ತಿ ಕಟ್ಟೆಯಲ್ಲಿ ಕೂತು ಮಾತಾಡಿದ್ದಾಯ್ತು, ಮುಗಿದಿಲ್ಲ. ಕಾಕಾ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಪಾಚಿಯಿಂದಲೇ ಮೀನು ಸಾಯುತ್ತವಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಭೀಮಾತೀರ
ಪಾಚಿ ಮೀನಿನ ಊಟ ಅಲ್ವಾ? ಊಟ ತಿಂದು ಯಾರು ಸಾಯುತ್ತಾರೆ? ನನಗೆ ಎಣ್ಣೆ ಮೇಲೇ ಅನುಮಾನ. ನಿಮ್ಮ ಕಾಕಾ ಸ್ಪ್ರೇ ಪಂಪು ಎಲ್ಲಿ ತೊಳೆದರು ಅಂತ ಮೊದಲು ಕೇಳಿ.

ಕೆರೆದಂಡೆ
ಕೇಳಿದೆ ಅಣ್ಣಾ. ಹೊಲದ ಬೋರಿನ ಹತ್ತಿರವೇ ತೊಳೆದಿದ್ದಾರೆ. ನಾನೇ ಹೋಗಿ ಜಾಗ ನೋಡಿ ಬಂದೆ. ಅಲ್ಲಿಂದ ಕೆರೆಗೆ ನೀರು ಹರಿಯುವುದಿಲ್ಲ, ನಡುವೆ ದೊಡ್ಡ ಬದು ಇದೆ.

ಪಾಚಿ_ಮೇಡಂ
ನಾನು ಕಲಬುರಗಿಯಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ತೀರ್ಮಾನ ಹೇಳುವ ಮುಂಚೆ ನಾಲ್ಕು ಪ್ರಶ್ನೆ ಕೇಳುತ್ತೇನೆ, ನಿಧಾನವಾಗಿ ನೆನಪು ಮಾಡಿಕೊಂಡು ಉತ್ತರ ಕೊಡಿ.

ಮೀನು ಸತ್ತಿದ್ದು ಯಾವ ಹೊತ್ತಿನಲ್ಲಿ? ದೊಡ್ಡವು ಸತ್ತವಾ, ಮರಿಗಳೂ ಸತ್ತವಾ? ಕಪ್ಪೆ, ನೀರುಹುಳು ಬದುಕಿವೆಯಾ? ಕೆರೆಯಲ್ಲಿ ಮರಲ್ ಅಥವಾ ಮಾಗುರ್ ಮೀನು ಇದ್ದರೆ ಅವು ಏನಾದವು?

ಕೆರೆದಂಡೆ
ಮೇಡಂ, ರಾತ್ರಿ ಒಂಬತ್ತಕ್ಕೆ ದನ ಕಟ್ಟುವಾಗ ಎಲ್ಲ ಸರಿ ಇತ್ತು. ಬೆಳಿಗ್ಗೆ ಐದೂವರೆಗೆ ನೋಡಿದಾಗ ಎಷ್ಟೋ ಸತ್ತಿದ್ದವು, ಉಳಿದವು ನೀರಿನ ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಸತ್ತದ್ದು ಹೆಚ್ಚಾಗಿ ದೊಡ್ಡವೇ. ಸಣ್ಣ ಮರಿಗಳು ದಂಡೆಯಲ್ಲಿ ಓಡಾಡುತ್ತಿವೆ. ಕಪ್ಪೆ ನಿನ್ನೆ ರಾತ್ರಿಯೂ ಕೂಗಿದವು. ಮರಲ್ ಒಂದೂ ಸತ್ತಿಲ್ಲ! ನೀವು ಕೇಳಿದ ಮೇಲೆಯೇ ನನಗೆ ಅದು ಹೊಳೆದದ್ದು.

ಪಾಚಿ_ಮೇಡಂ
ಹಾಗಿದ್ದರೆ ನನಗೆ ಇದು ವಿಷ ಅನ್ನಿಸುತ್ತಿಲ್ಲ. ಉಸಿರು ಕಟ್ಟಿ ಸತ್ತಿವೆ.

ಹಗಲಿನಲ್ಲಿ ಪಾಚಿ ಬಿಸಿಲು ಹಿಡಿದು ಆಹಾರ ಮಾಡಿಕೊಳ್ಳುತ್ತದೆ, ಆಗ ನೀರಿಗೆ ಆಕ್ಸಿಜನ್ ಬಿಡುತ್ತದೆ. ಕತ್ತಲಾದ ಮೇಲೆ ಅದೇ ಪಾಚಿ ನೀರಿನ ಆಕ್ಸಿಜನ್ ಎಳೆದುಕೊಳ್ಳುತ್ತದೆ. ಮೀನೂ ಎಳೆಯುತ್ತದೆ, ತಳದ ಕೆಸರಿನಲ್ಲಿರುವ ಬ್ಯಾಕ್ಟೀರಿಯಾವೂ ಎಳೆಯುತ್ತವೆ. ರಾತ್ರಿಯಿಡೀ ಬರೀ ಖರ್ಚು, ಜಮಾ ಇಲ್ಲ. ಸೂರ್ಯ ಹುಟ್ಟುವ ಮುಂಚಿನ ಗಂಟೆಯೇ ಎಲ್ಲಕ್ಕಿಂತ ಕೆಟ್ಟದ್ದು. ನಿಮ್ಮಲ್ಲಿ ಮೂರು ದಿನ ಮೋಡ ಇತ್ತು ಅಂದಿರಿ, ಅಂದರೆ ಹಗಲಿನ ಜಮೆಯೂ ಕಡಿಮೆ ಆಯ್ತು. ಗಾಳಿ ಇಲ್ಲದ್ದರಿಂದ ಮೇಲಿನ ನೀರು, ಕೆಳಗಿನ ನೀರು ಬೆರೆಯಲಿಲ್ಲ. ಸೆಖೆ ಬೇರೆ. 20 ಡಿಗ್ರಿಯ ಶುದ್ಧ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಕ್ಸಿಜನ್ ಹಿಡಿಯುತ್ತದೆ. 35 ಡಿಗ್ರಿಗೆ ಹೋದರೆ 7ರ ಹತ್ತಿರಕ್ಕೆ ಇಳಿಯುತ್ತದೆ.

ಮರಲ್ ಯಾಕೆ ಬದುಕಿತು? ಅದು ಮೇಲೆ ಬಂದು ನೇರವಾಗಿ ಗಾಳಿ ನುಂಗಬಲ್ಲದು. ಬರಗಾಲದ ಕೆಸರು ಗುಂಡಿಯಲ್ಲಿ ಬದುಕಿ ಬಂದ ಮೀನು ಅದು. ಕಟ್ಲಾ, ರೋಹು ಹರಿಯುವ ದೊಡ್ಡ ನದಿಯ ಮೀನು, ಅವಕ್ಕೆ ಕಿವಿರು ಒಂದೇ ಗತಿ. ದೊಡ್ಡ ಮೈಗೆ ಆಕ್ಸಿಜನ್ನೂ ಜಾಸ್ತಿ ಬೇಕು, ಹಾಗಾಗಿ ಅವೇ ಮೊದಲು ಸೋಲುತ್ತವೆ. ಕೀಟನಾಶಕ ಬಿದ್ದಿದ್ದರೆ ಸಾಮಾನ್ಯವಾಗಿ ಮರಿಗಳೂ ನೀರುಹುಳುಗಳೂ ಮೊದಲ ಏಟಿಗೇ ಹೋಗುತ್ತಿದ್ದವು. ಅದು ಹೊತ್ತು ನೋಡಿ ಕೊಲ್ಲುವುದಿಲ್ಲ.

ಎರೆಹೊಲ
ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಹತ್ತು ವರ್ಷದ ಹಿಂದೆ ನಮ್ಮ ಕೃಷಿಹೊಂಡದಲ್ಲಿ ಹೀಗೇ ಆಗಿತ್ತು. ಆಗ ಯಾರೂ ಹೇಳುವವರಿರಲಿಲ್ಲ, ಪಕ್ಕದ ಹೊಲದವರ ಜೊತೆ ಮಾತು ಬಿಟ್ಟೆವು. ಇವತ್ತಿಗೂ ಮದುವೆ ಮುಂಜಿಗೆ ಹೋಗಿ ಬರುವುದು ಇಲ್ಲ. ಇದನ್ನು ಓದಿ ಎದೆ ಭಾರವಾಯ್ತು.

ಭೀಮಾತೀರ
ಸರಿ, ಇರಬಹುದು. ಆದರೆ ಇಲ್ಲಿ ಕೂತು ಹೇಳಿದರೆ ಪಂಚಾಯ್ತಿಯವರು ನಂಬುತ್ತಾರಾ? ಸಾಕ್ಷಿ ಬೇಕಲ್ಲ.

ಮೀನುಬಲೆ
ಇಪ್ಪತ್ತು ವರ್ಷದಿಂದ ಕೆರೆ ಮೀನು ಸಾಕುತ್ತಿದ್ದೇನೆ. ಮೊದಲು ಉಳಿದ ಮೀನು ಉಳಿಸಿಕೊಳ್ಳಿ, ಸಾಕ್ಷಿ ಆಮೇಲೆ. ರಾತ್ರಿ ಎರಡರಿಂದ ಬೆಳಿಗ್ಗೆ ಏಳರವರೆಗೆ ಡೀಸೆಲ್ ಪಂಪು ಹಚ್ಚಿ. ಕೆರೆ ನೀರನ್ನೇ ಎತ್ತಿ ಎತ್ತರದಿಂದ ಚಿಮ್ಮಿಸಿ ಕೆರೆಗೇ ಬಿಡಿ. ನೀರು ಒಡೆದು ಬಿದ್ದಷ್ಟೂ ಗಾಳಿ ಬೆರೆಯುತ್ತದೆ. ಸತ್ತ ಮೀನು ಒಂದೂ ಬಿಡದೆ ತೆಗೆದು ಹೂಳಿ, ಕೊಳೆತರೆ ಅದೂ ಆಕ್ಸಿಜನ್ ತಿನ್ನುತ್ತದೆ.

ಇನ್ನೊಂದು ಮಾತು. ಗುತ್ತಿಗೆದಾರರು ಕೆರೆಗೆ ಸಗಣಿ, ಸೂಪರ್ ಫಾಸ್ಫೇಟ್ ಹಾಕುತ್ತಿದ್ದರಾ?

ಕೆರೆದಂಡೆ
ಹಾಕುತ್ತಿದ್ದರು. ಟ್ರ್ಯಾಕ್ಟರ್‌ಗಟ್ಟಲೆ ಸಗಣಿ. ಗೊಬ್ಬರದ ಚೀಲವೂ ನೋಡಿದ್ದೇನೆ. ಮೀನಿಗೆ ಮೇವು ಅಂತ ಹೇಳುತ್ತಿದ್ದರು.

ಸುರಪುರದವ
ಹಾಗಾದರೆ ತಪ್ಪು ಅವರದೇ! ಅವರೇ ಕೊಂದು ಇನ್ನೊಬ್ಬರ ಮೇಲೆ ಹೊರಿಸುತ್ತಿದ್ದಾರೆ.

ಮೀನುಬಲೆ
ಹಾಗೆ ಒಂದೇ ಏಟಿಗೆ ಹೇಳಬೇಡಿ ತಮ್ಮಾ. ಸಗಣಿ, ಗೊಬ್ಬರ ಹಾಕಿ ಪಾಚಿ ಬೆಳೆಸುವುದು ಮೀನು ಸಾಕಾಣಿಕೆಯ ಹಳೆಯ ಪದ್ಧತಿ. ಭೀಮಾತೀರದವರು ಊಟ ಅಂದರಲ್ಲ, ಅದೂ ಸುಳ್ಳಲ್ಲ. ಆದರೆ ಅಳತೆ ಬೇಕು. ನಾವು ಮಾಡುವುದು ಇಷ್ಟೇ: ಮೊಣಕೈ ಮುಳುಗುವವರೆಗೆ ಕೈ ನೀರಿಗೆ ಇಳಿಸುತ್ತೇವೆ. ಅಂಗೈ ಕಾಣಿಸದಷ್ಟು ಹಸಿರಾಗಿದ್ದರೆ ಗೊಬ್ಬರ ಪೂರ್ತಿ ನಿಲ್ಲಿಸುತ್ತೇವೆ. ಅವರಿಗೆ ಯಾರೂ ಅದನ್ನು ಹೇಳಿಕೊಟ್ಟಿರಲಿಕ್ಕಿಲ್ಲ. ಸಾಲ ಮಾಡಿ ಮರಿ ಬಿಟ್ಟಿರುತ್ತಾರೆ, ಅವರ ಸಂಕಟವೂ ಸಣ್ಣದಲ್ಲ.

ಎರೆಹೊಲ
ಗೊಬ್ಬರದ ಲೆಕ್ಕ ಗುತ್ತಿಗೆದಾರರೊಬ್ಬರದೇ ಅಲ್ಲ. ನಾರಾಯಣಪುರ ಡ್ಯಾಮಿನ ಕಾಲುವೆ ಬಂದ ಮೇಲೆ ಶಹಾಪುರ, ಸುರಪುರ ಕಡೆ ಭತ್ತ ಎಷ್ಟು ಜಾಸ್ತಿ ಆಯ್ತು! ಯೂರಿಯಾ, ಡಿಎಪಿ ಸುರಿಯುತ್ತೇವೆ. ಮಿಕ್ಕಿದ್ದು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ. ಊರ ಚರಂಡಿಯೂ ಅಲ್ಲಿಗೇ. ನಾನೂ ಭತ್ತ ಹಚ್ಚುವವನೇ, ಅದಕ್ಕೇ ಹೇಳುತ್ತಿದ್ದೇನೆ.

ಪಾಚಿ_ಮೇಡಂ
ಇದಕ್ಕೆ ಬಹಳ ಒಳ್ಳೆಯ ಪ್ರಯೋಗ ಒಂದಿದೆ, ಕ್ಲಾಸಿನಲ್ಲಿ ಪ್ರತಿ ವರ್ಷ ಹೇಳುತ್ತೇನೆ. ಕೆನಡಾದ ಒಂಟಾರಿಯೊದಲ್ಲಿ ಸಂಶೋಧನೆಗೆ ಅಂತಲೇ ಬಿಟ್ಟ ಕೆರೆಗಳಿವೆ. ಅದರಲ್ಲಿ 226ನೇ ನಂಬರಿನ ಕೆರೆ ನಡುವೆ ಸಣ್ಣ ಸೊಂಟದ ಹಾಗೆ ಕಿರಿದಾಗಿದೆ. 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಜೊತೆಯವರು ಆ ಕಿರಿದಾದ ಜಾಗಕ್ಕೆ ಪರದೆ ಕಟ್ಟಿ ಕೆರೆಯನ್ನು ಎರಡು ಭಾಗ ಮಾಡಿದರು. ಒಂದು ಕಡೆ ಇಂಗಾಲ, ಸಾರಜನಕ ಹಾಕಿದರು. ಇನ್ನೊಂದು ಕಡೆ ಅವೆರಡರ ಜೊತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಕಡೆ ಕೆರೆ ಹಸಿರಾಯ್ತು, ಇನ್ನೊಂದು ಕಡೆ ತಿಳಿಯಾಗೇ ಉಳಿಯಿತು. ಮೇಲಿನಿಂದ ತೆಗೆದ ಫೋಟೋದಲ್ಲಿ ಗೆರೆ ಎಳೆದ ಹಾಗೆ ಕಾಣುತ್ತದೆ.

ಅಲ್ಲಿಯ ಚಳಿ ಬೇರೆ, ನಮ್ಮ ಬಿಸಿಲು ಬೇರೆ. ನಮ್ಮಲ್ಲಿ ಸಾರಜನಕದ ಪಾಲನ್ನೂ ಬಿಡುವ ಹಾಗಿಲ್ಲ. ಆದರೆ ರಂಜಕ ಕೆರೆಗೆ ಬರುವುದನ್ನು ತಡೆಯದೆ ಪಾಚಿ ಕಡಿಮೆ ಆಗುವುದಿಲ್ಲ ಅನ್ನುವುದು ಇಲ್ಲಿಗೂ ಸಲ್ಲುತ್ತದೆ. ಚರಂಡಿ, ಸೋಪಿನ ಪುಡಿ, ಸಗಣಿ, ಡಿಎಪಿ, ಎಲ್ಲದರಲ್ಲೂ ಅದಿದೆ.

ತೊಗರಿಕಟ್ಟೆ
ಇಷ್ಟೆಲ್ಲಾ ಯಾಕೆ? ಮೈಲುತುತ್ತ ಹಾಕಿದರೆ ಎರಡು ದಿನದಲ್ಲಿ ಪಾಚಿ ಸಾಯುತ್ತದೆ.

ಪಾಚಿ_ಮೇಡಂ
ದಯವಿಟ್ಟು ಈಗ ಹಾಕಬೇಡಿ! ಅಷ್ಟೂ ಪಾಚಿ ಒಟ್ಟಿಗೆ ಸತ್ತರೆ ಕೊಳೆಯುವಾಗ ಉಳಿದ ಆಕ್ಸಿಜನ್ನೂ ಖಾಲಿ. ಮಿಕ್ಕ ಮೀನೂ ಹೋಗುತ್ತದೆ. ಪೇಂಟ್ ಸುರಿದ ಹಾಗೆ ಅಂದರಲ್ಲ, ಅದು ನೀಲಿ-ಹಸಿರು ಪಾಚಿ ಇರಬಹುದು. ಅದರ ಕೆಲವು ಜಾತಿಗಳ ಒಳಗೆ ಲಿವರ್ ಕೆಡಿಸುವ ವಿಷ ಇರುತ್ತದೆ. ಪಾಚಿ ಒಡೆದರೆ ಅದು ನೀರಿಗೆ ಬರುತ್ತದೆ. ಕುದಿಸಿದರೂ ಹೋಗುವುದಿಲ್ಲ.

ಮನೆಯಲ್ಲೇ ನೋಡುವ ಒಂದು ದಾರಿ: ಗಾಜಿನ ಬಾಟಲಿಯಲ್ಲಿ ಆ ನೀರು ತುಂಬಿ ಒಂದು ರಾತ್ರಿ ಅಲುಗಾಡಿಸದೆ ಇಡಿ. ಹಸಿರು ಮೇಲೆ ತೇಲಿ ನಿಂತರೆ ನೀಲಿ-ಹಸಿರು ಪಾಚಿ ಅನ್ನುವ ಅನುಮಾನ ಗಟ್ಟಿ. ಅದರ ಜೀವಕೋಶದೊಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಚೀಲಗಳಿರುತ್ತವೆ. ಬೆಳಕು ಬೇಕಾದಾಗ ಮೇಲೆ ಬರುತ್ತದೆ, ಸಾಕಾದಾಗ ಕೆಳಗಿಳಿಯುತ್ತದೆ. ನನಗಂತೂ ಪ್ರತಿ ಸಲ ನೋಡಿದಾಗಲೂ ಆಶ್ಚರ್ಯ. ಬರಿಗೈಯಲ್ಲಿ ಮುಟ್ಟಬೇಡಿ. ಆ ದಂಡೆಯಲ್ಲಿ ದನಕ್ಕೆ ನೀರು ಕುಡಿಸಬೇಡಿ, ಮಕ್ಕಳನ್ನು ಈಜಲು ಬಿಡಬೇಡಿ.

ಸುರಪುರದವ
ನೀಲಿ-ಹಸಿರು ಪಾಚಿ ಅಂದರೆ ಗದ್ದೆಗೆ ಗೊಬ್ಬರ ಅಂತ ಕೊಡುತ್ತಾರಲ್ಲ, ಅದೇನಾ?

ಪಾಚಿ_ಮೇಡಂ
ಅದೇ ಗುಂಪು, ಜಾತಿ ಬೇರೆ ಬೇರೆ. ಗದ್ದೆಯಲ್ಲಿ ಅದು ಗಾಳಿಯ ಸಾರಜನಕ ಹಿಡಿದು ಪೈರಿಗೆ ಕೊಡುತ್ತದೆ. 1939ರಲ್ಲೇ ಪಿ. ಕೆ. ಡೇ ಅನ್ನುವ ನಮ್ಮ ದೇಶದ ವಿಜ್ಞಾನಿ ಅದನ್ನು ತೋರಿಸಿದ್ದರು. ಗದ್ದೆಯಲ್ಲಿ ಬೇಕಾದದ್ದು, ನಿಂತ ಕೆರೆಯಲ್ಲಿ ಉಕ್ಕಿದರೆ ಕಷ್ಟ.

ಸುರಪುರದವ
ಕೆರೆ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ನಮ್ಮ ಬೋನಾಳ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರುತ್ತವೆ. ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ! ಎವರೆಸ್ಟ್ ಮೇಲೆಯೇ ಹಾರಿ ಬರುತ್ತವಂತೆ. ಅಲ್ಲಿ ಮನುಷ್ಯ ಸಿಲಿಂಡರ್ ಇಲ್ಲದೆ ಉಸಿರಾಡಲು ಒದ್ದಾಡುತ್ತಾನೆ. ನಿಮ್ಮ ಕಟ್ಲಾಗೆ ನೀರಲ್ಲಿ ಉಸಿರಿಲ್ಲ, ನಮ್ಮ ಬಾತುಕೋಳಿಗೆ ಅಷ್ಟು ಎತ್ತರದಲ್ಲೂ ಉಸಿರಿದೆ. ಹೇಗೆ?

ಬೀದರ್_ಬಾನಾಡಿ
ಬಾತುಕೋಳಿ ಅಲ್ಲ ಅಣ್ಣಾ, ಹೆಬ್ಬಾತು. ಎವರೆಸ್ಟ್ ಮೇಲೆ ಅನ್ನುವ ಮಾತನ್ನೂ ತಿದ್ದಬೇಕು. ಹೆಬ್ಬಾತುಗಳ ಮೈಗೆ ಸಣ್ಣ ಟ್ರ್ಯಾಕರ್ ಕಟ್ಟಿ ನೋಡಿದ್ದಾರೆ. ಆ ಅಧ್ಯಯನದಲ್ಲಿ ಸಿಕ್ಕ ಅತಿ ಹೆಚ್ಚು ಎತ್ತರ 7,290 ಮೀಟರ್. ಬಹುಪಾಲು ಹೊತ್ತು 5,500 ಮೀಟರ್‌ಗಿಂತ ಕೆಳಗೇ ಹಾರುತ್ತವೆ. ಕಣಿವೆ ಹಿಡಿದು, ನೆಲದ ಏರಿಳಿತಕ್ಕೆ ತಕ್ಕಂತೆ ಹತ್ತಿ ಇಳಿದು ಬರುತ್ತವೆ. ಇಳಿದರೆ ಮತ್ತೆ ಹತ್ತಬೇಕಲ್ಲ ಅನ್ನಿಸಬಹುದು. ಆದರೆ ತೆಳು ಗಾಳಿಯಲ್ಲಿ ರೆಕ್ಕೆ ಬಡಿಯುವ ಕಷ್ಟಕ್ಕಿಂತ ಅದೇ ಸುಲಭ. ದಾಟುವುದು ಜಾಸ್ತಿ ರಾತ್ರಿ, ನಸುಕಿನಲ್ಲಿ. ಆಗ ಗಾಳಿ ತಣ್ಣಗೆ, ಸ್ವಲ್ಪ ದಟ್ಟವಾಗಿರುತ್ತದೆ. ಅವುಗಳ ರಕ್ತದ ಹಿಮೋಗ್ಲೋಬಿನ್ ಕೂಡ ಬೇರೆ ಹೆಬ್ಬಾತುಗಳದ್ದಕ್ಕಿಂತ ಗಟ್ಟಿಯಾಗಿ ಆಕ್ಸಿಜನ್ ಹಿಡಿಯುತ್ತದೆ.

ಸುರಪುರದವ
ತಿದ್ದಿದ್ದಕ್ಕೆ ಥ್ಯಾಂಕ್ಸ್. ನಾನು ಇಷ್ಟು ದಿನ ಎಲ್ಲರಿಗೂ ಎವರೆಸ್ಟ್ ಅಂತಲೇ ಹೇಳುತ್ತಿದ್ದೆ.

ಎರೆಹೊಲ
ಅವು ಬೆಳಗಿನ ಜಾವ ಬಂದು ಕಡಲೆ ಹೊಲ ಮೇಯ್ದು ಹೋಗುತ್ತವೆ. ಅದನ್ನೂ ಬರೆಯಿರಿ.

ಬೀದರ್_ಬಾನಾಡಿ
ಹೌದು, ಮೇಯುತ್ತವೆ. ನಮ್ಮ ಬೀದರ್ ಕಡೆ ಚಿಗರಿಯದ್ದೂ, ಅಂದರೆ ಕೃಷ್ಣಮೃಗದ್ದೂ, ಅದೇ ಕತೆ. ಮೊಳಕೆ ಬಂದ ತೊಗರಿ, ಸೋಯಾ ಸಾಲಿಗೆ ಸಾಲು ತಿನ್ನುತ್ತವೆ. ಆದರೆ ಒಂದು ಕೇಳುತ್ತೇನೆ. ಅವು ಮೇಯುತ್ತಿದ್ದ ಹುಲ್ಲುಗಾವಲು ಎಲ್ಲಿ ಹೋಯ್ತು? "ಪಾಳು ಭೂಮಿ" ಅಂತ ಹೆಸರಿಟ್ಟು ಅಗೆದೆವು, ಲೇಔಟ್ ಮಾಡಿದೆವು, ಗಿಡ ನೆಟ್ಟೆವು. ಹುಲ್ಲುಗಾವಲಿಗೆ ಮರ ನೆಟ್ಟರೆ ಅದು ಉಪಕಾರ ಅಲ್ಲ. ಚಿಗರಿಗೆ ಬಯಲು ಬೇಕು. ದೂರದಿಂದ ತೋಳ ಕಂಡರೆ ಓಡಿ ಪಾರಾಗುವುದೇ ಅದರ ಬಲ.

ತೊಗರಿಕಟ್ಟೆ
ಜಾಲಿ ಗಿಡವನ್ನು ಚಿಗರಿಯೇ ಹಬ್ಬಿಸುತ್ತದೆ ಅಂತ ಕೇಳಿದ್ದೇನೆ.

ಬೀದರ್_ಬಾನಾಡಿ
ಬಳ್ಳಾರಿ ಜಾಲಿ. ನಿಜ. ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಅದರ ಕಾಯಿ ತಿನ್ನುತ್ತದೆ, ಬೀಜ ಹಿಕ್ಕೆಯಲ್ಲಿ ಬಂದು ಮೊಳೆಯುತ್ತದೆ. ಗುಜರಾತಿನ ವೆಳಾವದರ್‌ನಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ದನ, ಆಡು ಕೂಡ ಅದೇ ಕೆಲಸ ಮಾಡುತ್ತವೆ. ಪಾಪ, ತನಗೆ ಬೇಕಾದ ಬಯಲನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಆ ಜಾಲಿ ತಂದವರು ಮನುಷ್ಯರು.

ಚಿಂಚೋಳಿ_ಕಾಡು
ಇಷ್ಟು ಗೊತ್ತಿದ್ದವರು ಸೇರಿದ್ದೀರಿ, ನನ್ನದೂ ಒಂದು ಪ್ರಶ್ನೆ. ನಮ್ಮ ಚಿಂಚೋಳಿ ಕಾಡು ಫೆಬ್ರವರಿ ಮಾರ್ಚ್‌ನಲ್ಲಿ ಪೂರ್ತಿ ಬೋಳು. ಮುತ್ತುಗ ಎಲೆ ಉದುರಿಸಿ ಹೂ ಬಿಟ್ಟು ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ನೆಲ ಬಾಣಲೆ ಆಗಿರುತ್ತದೆ, ಚಂದ್ರಂಪಳ್ಳಿ ಡ್ಯಾಮಿನ ನೀರೂ ತಳ ಹಿಡಿಯುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ಒಂದು ಹನಿ ಮಳೆ ಇಲ್ಲದೆ ಎಷ್ಟೋ ಮರ ಚಿಗುರುತ್ತವೆ. ನಮ್ಮ ತಾಂಡಾದ ಅಜ್ಜ "ಮರಕ್ಕೆ ಮಳೆ ಬರುವುದು ಮೊದಲೇ ಗೊತ್ತಾಗುತ್ತದೆ" ಅನ್ನುತ್ತಿದ್ದರು. ನಿಜಕ್ಕೂ ಗೊತ್ತಾಗುತ್ತದಾ?

ಪಾಚಿ_ಮೇಡಂ
ಮಳೆ ಗೊತ್ತಾಗುವುದಿಲ್ಲ, ಹಗಲು ಉದ್ದವಾಗಿದ್ದು ಗೊತ್ತಾಗುತ್ತದೆ. ಎಷ್ಟೋ ಮರಗಳಿಗೆ ಅದೇ ಸೂಚನೆ. ಎಲೆ ಉದುರಿಸಿದ ಮೇಲೆ ನೀರಿನ ಖರ್ಚು ನಿಲ್ಲುತ್ತದೆ. ಆಳದ ಬೇರು ಇನ್ನೂ ಸ್ವಲ್ಪ ಸ್ವಲ್ಪ ನೀರು ಎಳೆಯುತ್ತಾ ಇರುತ್ತದೆ. ಕಾಂಡ ಮತ್ತೆ ತುಂಬಿಕೊಳ್ಳುತ್ತದೆ, ಆ ನೀರಲ್ಲೇ ಚಿಗುರುತ್ತದೆ. ಲಾಭ ಏನಂದರೆ, ರೋಹಿಣಿಯೋ ಮೃಗಶಿರವೋ ಮೊದಲ ಮಳೆ ಬೀಳುವಾಗ ಎಲೆ ಬಲಿತು ತಯಾರಾಗಿರುತ್ತದೆ. ಮಳೆ ಜೊತೆ ಬರುವ ಹುಳಕ್ಕೆ ಎಳೆಯ ಎಲೆ ಸಿಗುವುದಿಲ್ಲ. ಅಜ್ಜ ನೋಡಿದ್ದು ಸರಿಯಾಗಿಯೇ ಇದೆ.

ನೀವು ಒಂದು ಮರ ಆರಿಸಿ. ಅದು ಚಿಗುರಿದ ದಿನ, ಹೂ ಬಿಟ್ಟ ದಿನ ಬರೆದಿಡಿ. ಸೀಸನ್‌ವಾಚ್ ಅಂತ ಒಂದು ಕೆಲಸ ದೇಶದ ಉದ್ದಗಲಕ್ಕೂ ನಡೆಯುತ್ತಿದೆ, ಶಾಲೆ ಮಕ್ಕಳೂ ವಾರ ವಾರ ಒಂದೊಂದು ಮರ ನೋಡಿ ಬರೆಯುತ್ತಾರೆ. ನಮ್ಮ ಬೀದರ್, ಕಲಬುರಗಿ, ಯಾದಗಿರಿ ಮೂರು ಜಿಲ್ಲೆಯ ಒಣ ಕಾಡಿನ ಬಗ್ಗೆ ಬರೆಯುವವರು ಇನ್ನೂ ಬಹಳ ಜನ ಬೇಕು.

ತೊಗರಿಕಟ್ಟೆ
ಎಲ್ಲಿಂದ ಎಲ್ಲಿಗೆ ಹೋದೆವು! ಹುಡುಗನ ಕಾಕಾ ಊಟ ಬಿಟ್ಟು ಕೂತಿದ್ದಾರೆ. ಸಾಕ್ಷಿಯ ಮಾತಿಗೆ ಬನ್ನಿ. ಮೈಲುತುತ್ತದ ಮಾತು ನಾನು ವಾಪಸ್ ತಗೊಂಡೆ.

ಪಾಚಿ_ಮೇಡಂ
ಬಂದೆ. ಹತ್ತಿರದ ಡಿಗ್ರಿ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನವರನ್ನು ಕೇಳಿ. ವಿಂಕ್ಲರ್ ಪದ್ಧತಿ ಅಂದರೆ ಅವರಿಗೆ ಗೊತ್ತಿರುತ್ತದೆ, 1888ರಿಂದ ಇರುವ ಪದ್ಧತಿ. ಮುಚ್ಚಳದ ಗಾಜಿನ ಬಾಟಲಿಯಲ್ಲಿ ಗುಳ್ಳೆ ಇಲ್ಲದ ಹಾಗೆ ಕೆರೆ ನೀರು ತುಂಬಬೇಕು. ದಂಡೆಯಲ್ಲೇ ಎರಡು ದ್ರಾವಣ ಹಾಕಿ ಮುಚ್ಚಬೇಕು. ನೀರಿನಲ್ಲಿ ಆಕ್ಸಿಜನ್ ಇದ್ದರೆ ಕಂದು ಬಣ್ಣದ ಗಸಿ ಇಳಿಯುತ್ತದೆ. ಇಲ್ಲದಿದ್ದರೆ ಗಸಿ ಬಿಳಿಯಾಗೇ ಉಳಿಯುತ್ತದೆ. ಅಂಕಿ ಸಂಖ್ಯೆ ಬೇಡ, ಕಣ್ಣಿಗೇ ಕಾಣುತ್ತದೆ. ದ್ರಾವಣ ಚರ್ಮ ಸುಡುತ್ತದೆ, ಲ್ಯಾಬಿನವರೇ ಗ್ಲೌಸ್ ಹಾಕಿಕೊಂಡು ಮಾಡಲಿ.

ಎರಡು ಸಲ ತೆಗೆಯಿರಿ: ಸೂರ್ಯ ಹುಟ್ಟುವ ಮುಂಚೆ ಒಂದು, ಮಧ್ಯಾಹ್ನ ಮೂರಕ್ಕೆ ಒಂದು. ಒಂದೇ ಜಾಗದಲ್ಲಿ. ಗುತ್ತಿಗೆದಾರರನ್ನೂ ಕರೆಯಿರಿ. ಅವರು ಇಲ್ಲದೆ ಮಾಡಿದರೆ ಯಾರೂ ನಂಬುವುದಿಲ್ಲ.

ಮೀನುಬಲೆ
ಅವತ್ತು ನಸುಕಿನವರೆಗೆ ಪಂಪು ನಿಲ್ಲಿಸಬೇಡಿ, ನೀರು ತೆಗೆಯುವುದು ಮಾತ್ರ ಪಂಪಿನಿಂದ ದೂರದ ದಂಡೆಯಲ್ಲಿ. ಪರೀಕ್ಷೆಗೆ ಅಂತ ಮೀನು ಕೊಲ್ಲಬಾರದು.

ಭೀಮಾತೀರ
ಏನಾಯ್ತು ಅಂತ ಖಂಡಿತ ಬಂದು ಹೇಳಿ. ನಾನು ಮೊದಲೇ ನಿಮ್ಮ ಕಾಕಾನ ಮೇಲೆ ಅನುಮಾನ ಪಟ್ಟೆ, ತಪ್ಪಾಯ್ತು.

ಕೆರೆದಂಡೆ
ಐದು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಮೇಡಂ ಹೇಳಿದ ಬಾಟಲಿ ಪರೀಕ್ಷೆ ಮೊದಲು ಮಾಡಿದೆ. ಬೆಳಿಗ್ಗೆ ನೋಡಿದರೆ ಹಸಿರೆಲ್ಲ ಮೇಲೆ ಬೆರಳು ದಪ್ಪ ನಿಂತಿತ್ತು, ಕೆಳಗೆ ನೀರು ತಿಳಿ. ದನಗಳನ್ನು ಅವತ್ತಿನಿಂದಲೇ ಬೋರಿನ ತೊಟ್ಟಿಗೆ ಹೊಡೆದುಕೊಂಡು ಹೋಗುತ್ತಿದ್ದೇವೆ.

ಕಾಲೇಜಿನ ಸರ್ ಒಬ್ಬರು ತಮ್ಮ ಗಾಡಿಯಲ್ಲೇ ಬಂದರು. ದುಡ್ಡು ಕೇಳಲಿಲ್ಲ. ನಸುಕಿನ ಐದಕ್ಕೆ ಟಾರ್ಚ್ ಹಿಡಿದು ಹದಿನೈದು ಜನ ದಂಡೆಯಲ್ಲಿ ನಿಂತಿದ್ದೆವು. ಗುತ್ತಿಗೆದಾರರು ಬರುತ್ತಾರೋ ಇಲ್ಲವೋ ಅಂದುಕೊಂಡಿದ್ದೆ, ಎಲ್ಲರಿಗಿಂತ ಮೊದಲು ಬಂದು ನಿಂತಿದ್ದರು. ಸರ್ ದ್ರಾವಣ ಹಾಕಿ ಬಾಟಲಿ ತಿರುಗಿಸಿ ಇಟ್ಟರು. ಗಸಿ ಇಳಿಯಿತು. ಬಿಳಿ, ಹಾಲು ಒಡೆದ ಹಾಗೆ. ಮಧ್ಯಾಹ್ನ ಮೂರಕ್ಕೆ ಅದೇ ಜಾಗದ ನೀರು, ಅದೇ ದ್ರಾವಣ. ಬೆಲ್ಲದ ಪಾಕದಂಥ ಕಂದು! ಎರಡೂ ಬಾಟಲಿ ಪಕ್ಕ ಪಕ್ಕ ಪಂಚಾಯ್ತಿ ಕಟ್ಟೆ ಮೇಲೆ ಇಟ್ಟೆವು. ಯಾರಿಗೂ ಬಿಡಿಸಿ ಹೇಳುವ ಕೆಲಸವೇ ಬೀಳಲಿಲ್ಲ.

ಗುತ್ತಿಗೆದಾರರು ಬಹಳ ಹೊತ್ತು ಬಾಟಲಿಯನ್ನೇ ನೋಡುತ್ತಾ ಕೂತಿದ್ದರು. ಆಮೇಲೆ ಮೊಣಕೈ ಅಳತೆ ಹೇಗೆ ಅಂತ ಕೇಳಿದರು. ನಾನೇ ನೀರಿನ ಹತ್ತಿರ ಕರೆದುಕೊಂಡು ಹೋದೆ, ಗ್ಲೌಸ್ ಹಾಕಿಸಿದೆ. ಅವರ ಅಂಗೈ ನಾಲ್ಕು ಬೆರಳು ಆಳಕ್ಕೇ ಕಾಣದಾಯ್ತು. ಸಗಣಿ ಟ್ರ್ಯಾಕ್ಟರ್ ನಿಂತಿದೆ. ಚರಂಡಿಯ ಮಾತು ಮುಂದಿನ ಗ್ರಾಮಸಭೆಗೆ ಇಟ್ಟಿದ್ದೇವೆ, ಅದು ಸುಲಭ ಇಲ್ಲ.

ಮೀನುಬಲೆ ಅಣ್ಣಾ, ಪಂಪು ಈಗ ಕಾಕಾನದ್ದೇ ಓಡುತ್ತಿದೆ. ಡೀಸೆಲ್ ಗುತ್ತಿಗೆದಾರರದು.

ಎರೆಹೊಲ
ಕಾಕಾ ಊಟ ಮಾಡಿದರಾ?

ಕೆರೆದಂಡೆ
ಮಾಡಿದರು ಅಣ್ಣಾ. ರಾತ್ರಿ ಎರಡಕ್ಕೆ ಎದ್ದು ಪಂಪು ಹಚ್ಚಲು ಹೋಗುವಾಗ ರೊಟ್ಟಿ ಕಟ್ಟಿಕೊಂಡು ಹೋಗುತ್ತಾರೆ, ಇಬ್ಬರಿಗೆ.

ಮೀನುಬಲೆ
ಮಳೆ ಬಂದು ಹೊಸ ನೀರು ಸೇರುವವರೆಗೆ ಪಂಪು ಬಿಡಬೇಡಿ. ಮೊದಲ ಮಳೆಯ ನೀರು ಹೊಲ, ಚರಂಡಿ ತೊಳೆದುಕೊಂಡು ಬರುತ್ತದೆ. ಆ ರಾತ್ರಿ ಇನ್ನೂ ಹುಷಾರಾಗಿರಿ.